ಬಾಡಿದ ಮೇಲೆ ಕೆಂಪಾದ ಕುಸುಬೆ

ಗಿರಿಜಾ,

ದೀಪಾವಳಿ ಮುಗಿದ ಮಾರನೆಯ ದಿನ ಗೇಟಿನ ಪಕ್ಕದ ಮಣ್ಣಿನ ಪಟ್ಟಿಯಲ್ಲಿ ಕುಕ್ಕರಗಾಲಲ್ಲಿ ಕೂತು ನೀನು ಕುಸುಬೆ ಊರಿದ್ದು ನೆನಪಿದೆಯಾ? ಬಿಜಾಪುರದಿಂದ ತಂದ ಬೀಜ ಮುಗಿದಿತ್ತು. ದೆಹಲಿಯ ಕರೋಲ್ ಬಾಗಿನಲ್ಲಿ ಗಿಳಿಗೆ ಹಾಕುವ ಕಾಳಿನ ಅಂಗಡಿಯಲ್ಲಿ ಸಿಕ್ಕಿತು. ಅಂಗಡಿಯವನು ಮನೆಯಲ್ಲಿ ಗಿಳಿ ಇದೆಯಾ ಎಂದು ಕೇಳಿದರೆ ನೀನು ನನ್ನ ಕಡೆ ಕೈ ತೋರಿಸಿದೆ. ಫರೀದಾಬಾದ್ ಮುಟ್ಟುವವರೆಗೂ ಶಟಲ್ ರೈಲಿನಲ್ಲಿ ಕೂತು ನೀನು ಅದನ್ನೇ ಹೇಳಿಕೊಂಡು ನಕ್ಕೆ.

ಮದುವೆಯಾದ ಹೊಸದರಲ್ಲಿ ಮೊದಲ ಸಲ ಆ ಸೊಪ್ಪಿನ ಪಲ್ಯ ಬಡಿಸಿದ್ದೆಯಲ್ಲ, ಮೈಸೂರಿನವನಾದ ನನಗೆ ಕುಸುಬೆ ಎಂದರೆ ಡಬ್ಬದ ಎಣ್ಣೆ, ಅಷ್ಟೇ. ನಿಮ್ಮ ಕಡೆಯವರು ಮುಳ್ಳಿನ ಗಿಡವನ್ನೂ ಬಿಡುವುದಿಲ್ಲ ಎಂದು ಛೇಡಿಸಿದೆ. "ಮುಳ್ಳ ಬರೂಕಿಂತ ಮೊದಲ ಕಿತ್ತ ತಿನ್ನಬೇಕ್ರೀ," ಅಂದೆ ನೀನು. "ತಡಾ ಆತಂದ್ರ ಹೂವಿಗೆ ಕಾಯಬೇಕು. ಅರಳಿದಾಗ ಹಳದಿ, ಬಾಡಿದ ಮ್ಯಾಲೆ ಕೆಂಪ." ಆಗ ಅರ್ಧ ಕೇಳಿಸಿಕೊಂಡಿದ್ದೆ, ಇನ್ನರ್ಧ ಊಟದ ಮೇಲೆ ಗಮನ.

ಊರಿಗೆ ಹೋಗಿ ನಿನ್ನ ಕಾರ್ಯ ಮುಗಿಸಿಕೊಂಡು ನಾನೊಬ್ಬನೇ ಬಂದು ಗೇಟು ತೆಗೆದ ದಿನ, ಆ ಪಟ್ಟಿಯ ತುಂಬ ಹಸಿರು. ಮೊಳಕೆ ಕಾಣುವ ಮೊದಲೇ ನೀನು ಹೋಗಿಬಿಟ್ಟಿದ್ದೆ. ಕಳೆ ಯಾವುದು, ನೀನು ಊರಿದ್ದು ಯಾವುದು ಎಂದು ಯಾರನ್ನು ಕೇಳಲಿ? ಗಿಳಿಯ ಕಾಳಿನಲ್ಲಿ ಬೇರೆ ಏನೇನು ಬೆರೆತಿತ್ತೋ. ಏನನ್ನೂ ಕೀಳದೆ ಎಲ್ಲಕ್ಕೂ ನೀರು ಹಾಕಿದೆ. ಕೆಲವು ಗಿಡಗಳ ಎಲೆಯಂಚಿಗೆ ಮುಳ್ಳು ಬಂತು, ನಡುವಿನಷ್ಟೆತ್ತರ ಪೊದೆಯಾಗಿ ಕವಲೊಡೆದವು. ಇವೇ ಇರಬೇಕು ಅಂದುಕೊಂಡೆ. ಆದರೂ...

ಹೋಳಿ ಕಳೆದ ಮೇಲೆ ಮಹಡಿಯಿಂದ ಇಳಿದು ಬಂದ ನಮ್ಮ ಓನರ್ ಆಂಟಿ, ಮನೆಯ ಮುಂದೆ ಮುಳ್ಳು ಒಳ್ಳೆಯದಲ್ಲ, ಯುಗಾದಿ ಹೊತ್ತಿನ ನವರಾತ್ರಿಯೊಳಗೆ ತೆಗೆಸಿ ಎಂದರು. ಹೂವು ಹಳದಿಯಾಗಿ ಅರಳಿತ್ತು. ಮಾಲಿ ಭಯ್ಯಾ ನೋಡಿ, ಇದು ಗೋಧಿ ಹೊಲದಲ್ಲಿ ತಾನಾಗಿ ಏಳುವ ಕಾಡು ಗಿಡ, ಅದರ ಹೂವೂ ಹೀಗೇ ಹಳದಿ ಎಂದ. ಹಾಗಾದರೆ ನೀನು ಊರಿದ್ದು ಹುಟ್ಟಲೇ ಇಲ್ಲವೇ? ಅಷ್ಟು ದಿನ ನಾನು ಮಾತಾಡಿಸಿದ್ದು ಯಾವುದೋ ಕಳೆಯನ್ನೇ? ಭಾನುವಾರ ಬಂದು ಕಿತ್ತುಹಾಕು ಎಂದುಬಿಟ್ಟೆ. ಆ ವಾರವೆಲ್ಲ ಆಫೀಸಿನಿಂದ ಬಂದವನು ಅತ್ತ ಕಣ್ಣು ಹಾಯಿಸಲಿಲ್ಲ. ಮನೆ ಬಿಕೋ ಎನ್ನುತ್ತಿತ್ತು, ಗಿರಿಜಾ. ಟಿವಿ ಹಾಕಿಟ್ಟು ಅಡುಗೆಮನೆಯಲ್ಲಿ ನಿಂತೇ ಉಣ್ಣುತ್ತಿದ್ದೆ.

ಭಾನುವಾರ ಬೆಳಿಗ್ಗೆ ಮಾಲಿ ಗುದ್ದಲಿ ಹಿಡಿದು ಗೇಟಿನಲ್ಲಿ ನಿಂತಿದ್ದ. ಬಾಗಿಲು ತೆಗೆದರೆ, ಮೊದಲು ಅರಳಿದ್ದ ಹೂಗಳು ಬಾಡಿದ್ದವು. ಕೆಂಪಾಗಿದ್ದವು. ನೀನು ಹಬ್ಬಕ್ಕೆ ಉಡುತ್ತಿದ್ದ ಇಳಕಲ್ ಸೀರೆಯ ಸೆರಗಿನ ಕೆಂಪು. ಮಾಲಿಗೆ ಚಹಾ ಕೊಟ್ಟು ಕಳಿಸಿ, ಮೆಟ್ಟಿಲ ಮೇಲೆ ಕೂತು ಅತ್ತೆ. ಊರಿನಲ್ಲಿ ಅಷ್ಟು ಜನರ ನಡುವೆ ಬಾರದ ಅಳು ಅವತ್ತು ಬಂತು. ಆಂಟಿ ಇಳಿದು ಬಂದಾಗ ನನ್ನ ಹರಕು ಹಿಂದಿಯಲ್ಲಿ ಒಂದೇ ಮಾತು ಹೇಳಿದೆ: "ಯೇ ಮೇರೀ ಮಿಸೆಸ್ ನೇ ಲಗಾಯಾ ಥಾ." ಇದನ್ನು ನೆಟ್ಟಿದ್ದು ನನ್ನ ಹೆಂಡತಿ, ಅಂತ. ಅವರು ನನ್ನ ಪಕ್ಕ ಕೂತರು. ಆಮೇಲೆ ಮುಳ್ಳಿನ ಮಾತು ಎತ್ತಲೇ ಇಲ್ಲ.

ಮೊನ್ನೆ ಭಾನುವಾರ ನಿನ್ನ ಮಗಳು ಹೌಜ್ ಖಾಸ್ ಹಾಸ್ಟೆಲಿನಿಂದ ಬಂದಿದ್ದಳು. ಆ ಗಿಡಗಳ ಬೀಜವನ್ನೇ ಈ ದೀಪಾವಳಿಗೆ ಊರಿದ್ದೆ. ಈ ಸಲ ಯಾರನ್ನೂ ಕೇಳದೆ, ಎಲೆ ನೋಡಿಯೇ ಗುರುತು ಹಿಡಿದು, ಮುಳ್ಳು ಬರುವ ಮೊದಲೇ ಚಿವುಟಿದೆ. ಹೆಸರುಬೇಳೆ ಹಾಕಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ಪಲ್ಯ ಮಾಡಿದೆ. ನೇಹಾ ಒಂದು ತುತ್ತು ತಿಂದು, ಚೆನ್ನಾಗಿದೆ ಎಂದು ತಲೆಯಾಡಿಸಿದಳು. "ಪಪ್ಪಾ, ಅಚ್ಛಾ ಹೈ. ಲೇಕಿನ್ ಅಮ್ಮ ಇದಕ್ಕೆ ಇನ್ನೂ ಏನೋ ಹಾಕ್ತಿದ್ದಳು, ನಾ?"

ಏನು ಹಾಕುತ್ತಿದ್ದೆ, ಗಿರಿಜಾ?

ಒಂದು ಗಿಡವನ್ನು ಚಿವುಟದೆ ಹಾಗೇ ಬಿಟ್ಟಿದ್ದೇನೆ. ಅದು ಬಾಡುವವರೆಗೂ ಕಾಯುತ್ತೇನೆ.

ನಿನ್ನ ಗಿಳಿ