ಬೆಳ್ಳಿಕಾಗದದ ರಟ್ಟು

ಕಾರ್ಯಾಗಾರದ ಮೇಲಿನ ಮನೆ
ಜೂನ್ ೧೨, ಗುರುವಾರ

ನನ್ನ ಮೊಂಡು ಮೊಮ್ಮಗಳೇ,

ಆರೋಗ್ಯವಾಗಿದ್ದೀಯಾ? ಕಣ್ಣುರಿ ಕಡಿಮೆಯಾಯಿತೇ? ಫೋನು ಪರೀಕ್ಷಿಸುವ ನಿನ್ನ ಹೊಸ ಪ್ರಯೋಗಾಲಯದಲ್ಲಿ ಕಿಟಕಿಯೇ ಇಲ್ಲವೆಂದು ನಿನ್ನ ಅಪ್ಪ ಹೇಳಿದ. ನಡುನಡುವೆ ಹೊರಗೆ ಬಂದು ದೂರ ನೋಡು. ನನ್ನ ಮಂಡಿ ಮೊದಲಿನಂತೆಯೇ ಇದೆ, ಅದರ ಸುದ್ದಿ ಬರೆದು ಕಾಗದ ಹಾಳುಮಾಡುವುದಿಲ್ಲ. ನೀನು ಹೋಗಿ ಮೂರು ತಿಂಗಳಾಯಿತು. ನಾನು ಬರೆಯಲಿಲ್ಲ, ನೀನೂ ಬರೆಯಲಿಲ್ಲ. ನೂಲಿನಂತೆ ಸೀರೆ.

ಸುದ್ದಿಗೆ ಬರುತ್ತೇನೆ. ಮುದುಕರಿಗೆಂದು ನಾವು ಜೋಡಿಸುವ ದೊಡ್ಡ ಗುಂಡಿಯ ಫೋನುಗಳಲ್ಲಿ ಒಂದು ಕಳೆದ ವಾರದ ಸೋಮವಾರ ಎದುರುಮನೆಯ ದರ್ಜಿಯ ಜೇಬಿನಲ್ಲೇ ಉಬ್ಬಿ ಹೊತ್ತಿಕೊಂಡಿತು. ತೊಡೆ ಅಂಗೈಯಗಲ ಸುಟ್ಟಿದೆ. ನೋಡಲು ಹೋದರೆ, "ಅಮ್ಮಾ, ಜೇಬಾದ್ರೆ ನಾನೇ ಹೊಲ್ಕೋತೀನಿ, ತೊಡೆ ಹೊಲ್ಕೊಳ್ಳೋಕಾಗುತ್ತಾ?" ಎಂದ. ಬೈದಿದ್ದರೆ ನಾನೂ ತಿರುಗಿ ಬೈಯುತ್ತಿದ್ದೆ. ಅವನು ನಗಿಸಲು ನೋಡಿದ.

ನಿನ್ನ ಅಪ್ಪ ಆ ಫೋನು ಬಿಚ್ಚಿದ. ಒಳಗೆ ನನ್ನ ರಟ್ಟು, ಅರ್ಧ ಕರಕಲಾಗಿ. ಬ್ಯಾಟರಿ ಗೂಡಿನಲ್ಲಿ ಲೊಟಲೊಟ ಅಲ್ಲಾಡುತ್ತದೆಂದು ಅಂಗಡಿಯವರು ದೂರಿದಾಗ ನಾನು ಹೂಡಿದ ಉಪಾಯ ಅದು. ಓಲಾಡುವ ಮೇಜಿಗೆ, ಬಡಿದುಕೊಳ್ಳುವ ಕಿಟಕಿಗೆ ಐವತ್ತು ವರ್ಷದಿಂದ ರಟ್ಟು ಮಡಚಿ ಇಟ್ಟವಳು ನಾನು, ಒಂದೂ ಬಿದ್ದಿಲ್ಲ. ಬೆಳ್ಳಿಕಾಗದ ಅಂಟಿದ ರಟ್ಟು ಗಟ್ಟಿಯೆಂದು ಅದನ್ನೇ ಕತ್ತರಿಸಿ ಮುನ್ನೂರ ಹನ್ನೆರಡು ಫೋನಿಗೆ ತುರುಕಿಸಿದೆ. ನಮ್ಮ ತಪಾಸಕಿಯಾಗಿದ್ದ ನೀನು ಆಗಲೇ ಹೇಳಿದ್ದೆ: "ಅಜ್ಜಿ, ಬ್ಯಾಟರಿ ಉಬ್ಬೋಕೆ ಒಂಚೂರು ಜಾಗ ಬಿಡಬೇಕು. ಆ ಬೆಳ್ಳಿಕಾಗದ ಆಂಟೆನಾಗೆ ಅಡ್ಡ ಬರುತ್ತೆ. ಕೇಳಿಸದಿದ್ರೆ ನೀವು ಕೂಗಲ್ವಾ, ಹಾಗೇ ಫೋನೂ ಜೋರಾಗಿ ಕೂಗುತ್ತೆ, ಕೂಗಿದಷ್ಟೂ ಬಿಸಿಯಾಗುತ್ತೆ." ಸರ್ಕಾರದ ಒಪ್ಪಿಗೆ ಪಡೆದ ಮಾದರಿಯಲ್ಲಿ ಒಂದು ಚೂರು ಬದಲಾದರೂ ತರಂಗದ ಬಲವನ್ನು ಮತ್ತೆ ಅಳೆಸಬೇಕು, ಅಲ್ಲಿಯವರೆಗೆ ತಪಾಸಣೆ ಪುಸ್ತಕಕ್ಕೆ ಸಹಿ ಹಾಕುವುದಿಲ್ಲ ಎಂದು ನೀನು ಕೈಕಟ್ಟಿ ಕುಳಿತೆ. ಹತ್ತನೆಯ ತರಗತಿಯಲ್ಲಿ ಶಾಲೆಗೇ ಮೊದಲು ಬಂದವಳಾದ ನನಗೆ ಪಾಠ ಹೇಳಬೇಡ, ಬಾಗಿಲು ತೆರೆದೇ ಇದೆ ಎಂದೆ. ನೀನು ಚಪ್ಪಲಿ ಮೆಟ್ಟಿ ಹೊರಟೆ. ಊಟದ ಡಬ್ಬಿಯನ್ನೂ ಒಯ್ಯಲಿಲ್ಲ. ಅದನ್ನು ತೊಳೆದಿಟ್ಟಿದ್ದೇನೆ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಈಗ ಫೋನುಗಳನ್ನೆಲ್ಲ ವಾಪಸು ತರಿಸುತ್ತಿದ್ದೇವೆ. ಇನ್ನೂರ ಎಪ್ಪತ್ತು ಬಂದಿವೆ. ಮಿಕ್ಕವರಿಗೆ ನಾನೇ ಕರೆ ಮಾಡುತ್ತೇನೆ. ಕಿವಿ ಮಂದವಾದವರಿಗೆ ಮಾರಿದ ಫೋನುಗಳು ತಾನೇ, ಕೂಗಿ ಕೂಗಿ ನನ್ನ ಗಂಟಲು ಕಟ್ಟಿದೆ. "ಚೆನ್ನಾಗೇ ಇದೆ, ಯಾಕಮ್ಮ ಕೊಡ್ಲಿ?" ಎಂದು ಒಬ್ಬಾಕೆ ನನ್ನನ್ನೇ ಗದರಿದಳು.

ಫೋನಿಗೆ ಒಪ್ಪಿಗೆ ಕೊಡುವ ಸರ್ಕಾರಿ ನಿಯಂತ್ರಣ ಕಚೇರಿಯವರು ಬಂದು ತಪಾಸಣೆ ಪುಸ್ತಕದ ಪುಟದ ಫೋಟೋ ತೆಗೆದುಕೊಂಡು ಹೋದರು. ಸಹಿ ಮಾಡಿದ ತಪಾಸಕಿ ಉತ್ತರ ಕೊಡಬೇಕಂತೆ. ತಪ್ಪೆಂದು ತೀರ್ಮಾನವಾದರೆ ಅವಳು ಇನ್ನು ಯಾವ ಪ್ರಯೋಗಾಲಯದಲ್ಲೂ ಕೆಲಸ ಮಾಡುವಂತಿಲ್ಲವಂತೆ. ಆ ಪುಟದಲ್ಲಿ ನಿನ್ನ ಸಹಿ ಇದೆ. ನೀನು ಹಾಕಿಲ್ಲವೆಂದು ನಿನಗೂ ಗೊತ್ತು, ನನಗೂ ಗೊತ್ತು. ನಿನ್ನ ಅಪ್ಪನಿಗೆ ಗೊತ್ತಿಲ್ಲ. ಎರಡು ದಿನದಿಂದ ನಿನ್ನ ಮೇಲೆ ಸಿಟ್ಟಾಗಿದ್ದಾನೆ.

ಹೊತ್ತಿಗೆ ಸರಿಯಾಗಿ ಉಣ್ಣು. ನೀನು ಬೇಡವೆಂದರೂ ನನ್ನ ಆಶೀರ್ವಾದ ನಿನ್ನ ತಲೆಯ ಮೇಲೆ ಇದ್ದೇ ಇರುತ್ತದೆ.

ನಿನ್ನ ಅಜ್ಜಿ

ತಾ.ಕ.: ಮರೆತಿದ್ದೆ ಎಂದು ಬರೆಯಲಾರೆ, ಮರೆತಿರಲಿಲ್ಲ. ನೀನು ಮೆಟ್ಟಿಲಿಳಿದ ಅರ್ಧ ಗಂಟೆಯಲ್ಲಿ ಆ ಸಹಿ ಹಾಕಿದವಳು ನಾನು. ಕಷ್ಟವಾಗಲಿಲ್ಲ. ಕೈಹಿಡಿದು ನಿನಗೆ ಅಕ್ಷರ ತಿದ್ದಿಸಿದವಳು ನಾನೇ, ಇಬ್ಬರ ಬರಹವೂ ಒಂದೇ. ಇವತ್ತು ನಿನ್ನ ಅಪ್ಪನಿಗೆ ಹೇಳುತ್ತೇನೆ, ನಾಳೆ ಕಚೇರಿಗೆ ಹೋಗುತ್ತೇನೆ. ಮೊಮ್ಮಗಳನ್ನು ಉಳಿಸಲು ಮುದುಕಿ ಸುಳ್ಳಾಡುತ್ತಾಳೆ ಎಂದರೆ, ಅವರೆದುರೇ ಕುಳಿತು ನಿನ್ನ ಹೆಸರನ್ನು ಹತ್ತು ಸಲ ಬರೆದು ತೋರಿಸುತ್ತೇನೆ. ನೀನು ಬರಬೇಡ. ಕೆಲಸಕ್ಕೆ ಹೋಗು.