ನಿನ್ನ ಭಾರಕ್ಕೆ ಕೂರಿಸಿದ ಗಾಡಿ

ವರ್ಕ್‌ಶಾಪ್,
ಮಂಗಳವಾರ, ಊಟದ ಹೊತ್ತು

ಡುಮ್ಮೀ,

ಹಾಗೆ ಕರೆಯಬೇಡಿ ಎಂದು ನೀನು ಹೇಳಿದ್ದು ನೆನಪಿದೆ. ಬೇರೆ ಏನೇನೋ ಹೆಸರು ಹಾಕಿ ಶುರುಮಾಡಿದೆ, ಯಾರೋ ಗಿರಾಕಿಗೆ ಬಿಲ್ಲು ಬರೆದ ಹಾಗಾಯಿತು, ಹರಿದು ಹಾಕಿದೆ. ಬೈಯುವುದಿದ್ದರೆ ಎದುರಿಗೆ ಸಿಕ್ಕಾಗ ಬೈ. ಬೈಸಿಕೊಳ್ಳುವುದಕ್ಕಾದರೂ ಎದುರಿಗೆ ಸಿಗುತ್ತೇನಲ್ಲ.

ಇಲ್ಲಿ ನಾನು ಕ್ಷೇಮ, ನಿನ್ನ ಕ್ಷೇಮಕ್ಕೆ ಬರೆ ಎಂದು ಕಾಗದದ ತಲೆಯಲ್ಲಿ ಎಲ್ಲರೂ ಬರೆಯುತ್ತಾರೆ. ಉತ್ತರ ಬರಲೇಬೇಕು ಎಂದು ಯಾರೂ ಬರೆಯುವುದಿಲ್ಲ. ನನಗೆ ಉತ್ತರ ಬೇಕು. ನಿನಗೆ ಏನಾಗಿದೆ? ಡಾಕ್ಟರು ಏನು ಹೇಳಿದರು? ನನಗೆ ಯಾಕೆ ಹೇಳಲಿಲ್ಲ? ಇಷ್ಟೇ ಈ ಕಾಗದ. ಉಳಿದದ್ದೆಲ್ಲ ನನ್ನ ವಟವಟ. ನಿನಗೆ ಬೇಜಾರಾದರೆ ಇಲ್ಲಿಗೇ ಮಡಿಚಿಟ್ಟು ಉತ್ತರ ಬರೆ.

ಬೆಳಿಗ್ಗೆ ಮಗಳು ನಿನ್ನ ಗಾಡಿ ತಂದಳು. ಆ ಗಾಡಿಯ ಸದ್ದು ತಿರುವಿನಲ್ಲಿ ಕೇಳಿದರೆ ಸಾಕು, ನಾನು ಕೈ ಒರೆಸಿಕೊಳ್ಳುತ್ತೇನೆ. ಒರೆಸಿಕೊಂಡು ತಲೆ ಎತ್ತಿದರೆ ಹೆಲ್ಮೆಟ್ಟಿನೊಳಗೆ ಇರುವುದು ನೀನಲ್ಲ. ಇನ್ಮೇಲೆ ಅಂಚೆ ಚೀಲ ನಾನೇ ಒಯ್ಯೋದಪ್ಪ, ಗಾಡೀನ ನನ್ನ ಭಾರಕ್ಕೆ ಕೂರಿಸಿಕೊಡ್ಬೇಕಂತೆ, ಅಮ್ಮ ಹೇಳಿದ್ದಾಳೆ ಅಂದಳು. ಎಷ್ಟು ದಿನಕ್ಕೆ ಅಂದೆ. ಗೊತ್ತಿಲ್ಲ ಅಂದಳು. ಅಮ್ಮ ಎಲ್ಲಿ ಅಂದೆ. ಮಲಗಿದ್ದಾಳೆ ಅಂದಳು. ಮೈ ಸುಡುವ ಜ್ವರದಲ್ಲೂ ಅಂಚೆ ಚೀಲ ಬಿಗಿದುಕೊಂಡು ಹೊರಟವಳು ನೀನು. ಕೆಲಸದ ದಿನ ಬಿಸಿಲೇರಿದ ಮೇಲೆ ನೀನು ಮಲಗಿದ್ದನ್ನು ನಾನು ಕಂಡವನಲ್ಲ.

ಆದರೂ ನನ್ನ ಮಂದ ತಲೆಗೆ ಆಗಲೂ ಏನೂ ಹೊಳೆಯಲಿಲ್ಲ ಕಣೇ. ಸ್ಪ್ಯಾನರ್ ಹುಡುಕತೊಡಗಿದೆ.

ನಿನಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತೇನೆ. ಮದುವೆಯಾದ ಹೊಸದರಲ್ಲಿ ಇದನ್ನೆಲ್ಲ ಕೇಳಿ ಕೇಳಿ ನಿನಗೆ ನಿದ್ದೆ ಬರುತ್ತಿತ್ತು. ಮುಂದಿನ ಚಕ್ರಕ್ಕೆ ಎರಡು ಕಾಲು; ಒಂದೊಂದು ಕಾಲೂ ಒಂದು ಕೊಳವೆಯೊಳಗೆ ಇನ್ನೊಂದು ಕೊಳವೆ. ಒಳಗೆ ಸ್ಪ್ರಿಂಗ್, ಸುತ್ತ ಎಣ್ಣೆ. ಹಳ್ಳದ ಏಟನ್ನು ಸ್ಪ್ರಿಂಗ್ ನುಂಗುತ್ತದೆ. ನುಂಗಿದ್ದನ್ನು ಹಾಗೇ ವಾಪಸ್ ಉಗುಳಿದರೆ ಗಾಡಿ ಕುಪ್ಪಳಿಸುತ್ತಾ ಹೋಗುತ್ತದೆ. ಅದಕ್ಕೇ ಎಣ್ಣೆ. ಸಣ್ಣ ತೂತಿನಲ್ಲಿ ನುಸುಳಿ ಬರಬೇಕಾದ್ದರಿಂದ ಅದು ಸ್ಪ್ರಿಂಗನ್ನು ನಿಧಾನಕ್ಕೆ ಏಳು, ನಿಧಾನಕ್ಕೆ ಏಳು ಎಂದು ತಡೆದು ಹಿಡಿಯುತ್ತದೆ. ಹಿಂದಿನ ಚಕ್ರದ್ದೂ ಇದೇ ಕಥೆ, ಆದರೆ ಅಲ್ಲಿ ಚಕ್ರ ಹಿಡಿದ ಕಬ್ಬಿಣದ ತೋಳು ಬಾಗಿಲಿನ ಹಾಗೆ ಒಂದು ಕಡೆ ಕೀಲು ಹಾಕಿಕೊಂಡು ಮೇಲೆ ಕೆಳಗೆ ಆಡುತ್ತದೆ. ಸೀಟಿನ ಕೆಳಗಿನ ಒಂದೇ ಒಂದು ದಪ್ಪ ಸ್ಪ್ರಿಂಗ್ ಅದನ್ನು ಹೊತ್ತುಕೊಂಡಿರುತ್ತದೆ. ಆ ಸ್ಪ್ರಿಂಗಿಗೆ ಒಂದು ರಿಂಗ್. ಭಾರದವರು ಕೂತರೆ ಅದನ್ನು ಬಿಗಿ ಮಾಡಬೇಕು, ಹಗುರದವರು ಕೂತರೆ ಸಡಿಲ.

ಓಡಿಸುವವರು ಹತ್ತಿದಾಗ ಗಾಡಿ ಎರಡು ಬೆರಳಷ್ಟು ಕೆಳಗೆ ಕೂರಬೇಕು, ಭಾರಕ್ಕೆ ಕೂರಿಸುವುದು ಎಂದರೆ ಇದೇ. ಕೂರದೆ ಸೆಟೆದು ನಿಂತ ಗಾಡಿಯ ಚಕ್ರ ಹಳ್ಳಕ್ಕೆ ಇಳಿಯುವುದಿಲ್ಲ, ಹಳ್ಳದ ಮೇಲೆ ಹಾರುತ್ತದೆ. ಹಾರಿದ ಚಕ್ರಕ್ಕೆ ಬ್ರೇಕೂ ಇಲ್ಲ, ದೇವರೂ ಇಲ್ಲ.

ನಾವು ಬೇರೆಯಾದ ಮೇಲೂ ನೀನು ಇದಕ್ಕಾಗಿ ನನ್ನ ಹತ್ತಿರವೇ ಬರುತ್ತಿದ್ದೆ. ಜಗಳ ಯಾಕಾಯಿತು ಎಂದು ಈಗ ಕೆದಕುವುದಿಲ್ಲ. ನಿನ್ನ ಹತ್ತಿರ ಒಂದು ಕಥೆ ಇದೆ, ನನ್ನ ಹತ್ತಿರ ಒಂದು, ಎರಡೂ ನಿಜ. ಪೋಸ್ಟಾಫೀಸಿನ ಹಿಂದಿನ ಮನೆಗೆ ಹೋದ ಮೇಲೆ ನೀನು ನನ್ನನ್ನು ರೀ ಎನ್ನುವುದು ಬಿಟ್ಟು, ಎಲ್ಲ ಗಿರಾಕಿಗಳ ಹಾಗೆ ಮೇಸ್ತ್ರಿ ಎನ್ನತೊಡಗಿದೆ. ಪಕ್ಕದ ಟೈರ್ ಅಂಗಡಿಯ ಗಾಳಿಯಣ್ಣನಿಗೆ ಅದೇ ತಮಾಷೆ. ಗಂಡ ಬೇಡ್ವಂತೆ, ಗಂಡನ ಸ್ಪ್ಯಾನರ್ ಮಾತ್ರ ಬೇಕಂತೆ ಎಂದು ನನ್ನ ಎದುರಿಗೇ ನಗುತ್ತಿದ್ದ. ನಾನೂ ನಗುತ್ತಿದ್ದೆ. ಮತ್ತೇನು ಮಾಡಲಿ?

ಗಾಡಿ ಕೂರಿಸುವಾಗ ಅವನೇ ಮುಂದೆ ಹ್ಯಾಂಡಲ್ ಹಿಡಿದುಕೊಳ್ಳುತ್ತಿದ್ದ. ನೀನು ಎರಡೂ ಕಾಲು ಎತ್ತಿಟ್ಟು ನೆಟ್ಟಗೆ ಕೂರುತ್ತಿದ್ದೆ. ನಾನು ಹಿಂದೆ ಬಗ್ಗಿ, ಸೀಟು ಅದುಮಿ ಬಿಟ್ಟು, ಗಾಡಿ ಎಷ್ಟು ಕೂತಿತು ಎಂದು ಬೆರಳಿಟ್ಟು ನೋಡುತ್ತಿದ್ದೆ. ಬೇರೆಯಾದ ಮೇಲೆ ನಾನು ನಿನ್ನ ಅಷ್ಟು ಹತ್ತಿರ ನಿಲ್ಲುತ್ತಿದ್ದದ್ದು ಆ ಒಂದು ಗಳಿಗೆ ಮಾತ್ರ. ಬೇಕೆಂದೇ ನಿಧಾನ ಮಾಡುತ್ತಿದ್ದೆ. ನಿನಗೆ ಅದು ಗೊತ್ತಿತ್ತು ಎಂದುಕೊಂಡಿದ್ದೇನೆ. ಗೊತ್ತಿದ್ದೂ ಸುಮ್ಮನೆ ಕೂತಿದ್ದೆ ಎಂದೂ ಅಂದುಕೊಂಡಿದ್ದೇನೆ.

ಹೋದ ವರ್ಷ ಗಾಡಿ ಒದೀತಿದೆ ಮೇಸ್ತ್ರಿ ಎಂದು ನೀನು ಬಂದೆ. ಹಳ್ಳ ಹಾರಿದರೆ ಏಟು ನೇರ ಬೆನ್ನಿಗೆ ಬೀಳುತ್ತೆ, ಮೊದಲು ಹೀಗಿರಲಿಲ್ಲ ಅಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನು ಹಲ್ಲು ಕಿರಿದೆ. ನೀನು ನಗಲಿಲ್ಲ. ಕೂರಿಸಿ ನೋಡಿದರೆ ನಿಜ, ಗಾಡಿ ಒಂದೇ ಬೆರಳು ಕೂತಿತ್ತು. ಈಗಿನ ಕಾಲದಲ್ಲಿ ಯಾರು ಕಾಗದ ಬರೀತಾರೆ, ಚೀಲ ಹಗುರಾಗಿದೆ, ಅದಕ್ಕೇ ಇರಬೇಕು ಎಂದೆ. ಕಾಗದ ಇಲ್ಲ, ಪಾರ್ಸೆಲ್ಲು ಮೂರು ಪಟ್ಟು ಇದೆ ಎಂದು ನೀನು ಗದರಿದೆ. ಸರಿ ಎಂದು ಹಿಂದಿನ ರಿಂಗ್ ಸಡಿಲ ಮಾಡಿದೆ.

ಮುಂದಿನ ಸಲ ಮತ್ತೆ ಅದೇ ದೂರು. ಮುಂದಿನ ಚಕ್ರದ ಕೊಳವೆ ಡೊಂಕಾಗಿ ಒಳಗೊಳಗೇ ಹಿಡಿದುಕೊಳ್ಳುತ್ತಿರಬೇಕು ಎಂದುಕೊಂಡು ಎರಡೂ ಕಾಲು ಬಿಚ್ಚಿದೆ. ಕೂದಲೆಳೆಯಷ್ಟೂ ಡೊಂಕಿರಲಿಲ್ಲ. ಎಣ್ಣೆ ಸೋರದಂತೆ ತಡೆಯುವ ಸೀಲು ಬದಲಿಸಿದೆ, ಹಳೆ ಎಣ್ಣೆ ಚೆಲ್ಲಿ ತೆಳು ಎಣ್ಣೆ ಹಾಕಿದೆ. ಬ್ರೇಕ್ ಹಿಡಿದರೆ ಗಾಡಿ ಮೂಗು ನೆಲಕ್ಕೆ ಇಡುವಷ್ಟು ಮೆತ್ತಗಾಯಿತು. ಅದರ ಮುಂದಿನ ಸಲ ರಿಂಗನ್ನು ಕೊನೆಯ ಮೆಟ್ಟಿಲಿನವರೆಗೆ ಸಡಿಲಿಸಿದೆ. ಅದೂ ಸಾಲದೆ ಕಂಪನಿಯವರು ಕೊಟ್ಟ ಸ್ಪ್ರಿಂಗಿನಲ್ಲೇ ಏನೋ ಐಬಿದೆ ಎಂದು ತೀರ್ಮಾನಿಸಿ, ಸಣ್ಣ ಗಾಡಿಯ ಎಳಸು ಸ್ಪ್ರಿಂಗ್ ತರಿಸಿ ಜೋಡಿಸಿದೆ. ಅವತ್ತು ನೀನು ಕೂತಾಗ ಗಾಡಿ ಎರಡು ಬೆರಳು ಕೂತಿತು. ಈಗ ಸರಿಯಾಯ್ತು ಮೇಸ್ತ್ರಿ ಎಂದು ಹೇಳಿ ನೀನು ಹೋದೆ. ನಾನು ದಿನವಿಡೀ ಸಿಳ್ಳೆ ಹಾಕಿಕೊಂಡು ಕೆಲಸ ಮಾಡಿದೆ.

ನಾನೂ ಒಂದು ಸುತ್ತು ಓಡಿಸಿ ನೋಡಿದ್ದೆ. ತೀರಾ ಜೋಲಾಡಿತು. ನನ್ನ ಹೊಟ್ಟೆಯ ಭಾರಕ್ಕೆ ಜೋಲಾಡದೆ ಇನ್ನೇನು ಎಂದುಕೊಂಡೆ.

ಇವತ್ತು ಮಗಳು ಕೂತಳು. ಅವಳು ಹೇಗಿದ್ದಾಳೆ ನಿನಗೆ ಗೊತ್ತಲ್ಲ, ಕಡ್ಡಿ. ನನ್ನ ಅಂಗಿಯಲ್ಲಿ ನಿನ್ನಂಥವರು ಇಬ್ಬರು ಹಿಡಿಸ್ತಾರೆ ಎಂದು ನೀನೇ ಅವಳನ್ನು ರೇಗಿಸುತ್ತಿದ್ದೆ. ಅವಳು ಇನ್ನೂ ಪೂರ್ತಿ ಕೂತಿರಲಿಲ್ಲ, ಗಾಡಿ ಜರ್ ಎಂದು ತಳ ಕಂಡಿತು. ಗಾಳಿಯಣ್ಣ ಹ್ಯಾಂಡಲ್ ಹಿಡಿದವನು, ಏನಣ್ಣಾ ಸ್ಪ್ರಿಂಗ್ ಮುರೀತಾ ಎಂದ. ಕೆಳಗೆ ಬಗ್ಗಿ ನೋಡಿದೆ. ಸ್ಪ್ರಿಂಗ್ ನೆಟ್ಟಗಿತ್ತು. ಶಾಕ್ ಅಬ್ಸಾರ್ಬರ್ ಒಣಗಿತ್ತು, ಒಂದು ಹನಿ ಎಣ್ಣೆ ಸೋರಿರಲಿಲ್ಲ. ಅವಳನ್ನು ಇಳಿಸಿ ಮತ್ತೆ ಕೂರಿಸಿದೆ. ಮತ್ತೆ ತಳ. ಆಗ ಗೊತ್ತಾಯಿತು ಡುಮ್ಮೀ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ನಾನು ಒಂದು ವರ್ಷ ಸ್ಪ್ರಿಂಗಿನಲ್ಲಿ ಐಬು ಹುಡುಕಿದೆ, ಎಣ್ಣೆಯಲ್ಲಿ ಹುಡುಕಿದೆ, ಕಂಪನಿಯವರನ್ನು ಬೈದೆ. ಮೇಲೆ ಕೂತವಳು ಕರಗುತ್ತಿದ್ದಾಳೆ ಎಂದು ತಲೆ ಎತ್ತಿ ನೋಡಲಿಲ್ಲ. ನೀನು ಯಾವಾಗಲೂ ಆ ದಪ್ಪ ಕೋಟು ಹಾಕಿಕೊಂಡೇ ಬರುತ್ತಿದ್ದೆ, ಹೆಲ್ಮೆಟ್ ತೆಗೆಯುತ್ತಲೇ ಇರಲಿಲ್ಲ. ಈಗ ಅದರ ಅರ್ಥವೂ ಆಗುತ್ತಿದೆ.

ಮಗಳ ಮುಖ ನೋಡಿದೆ. ಅವಳು ಗೋಡೆಯ ಮೇಲಿನ ಟೈರ್ ಕ್ಯಾಲೆಂಡರ್ ನೋಡುತ್ತಿದ್ದಳು. ಅಮ್ಮನಿಗೆ ಏನಾಗಿದೆ ಎಂದು ಕೇಳಿದೆ. ನನ್ನ ಕೇಳ್ಬೇಡಪ್ಪ, ಆಣೆ ಹಾಕಿಸಿಕೊಂಡಿದ್ದಾಳೆ ಎಂದು ಹೇಳಿ ತುಟಿ ಕಚ್ಚಿಕೊಂಡಳು. ಹಟ ಮಾಡುವುದರಲ್ಲಿ ನಿನ್ನ ಮಗಳೇ. ಗುರುವಾರ ಬೆಳಿಗ್ಗೆ ಮಾತ್ರ ಗಾಡಿ ಬೇಕೇ ಬೇಕು ಅಂದಳು. ಯಾಕೆ ಅಂದರೆ ಮತ್ತೆ ಕ್ಯಾಲೆಂಡರ್. ನಾನು ಇನ್ನೊಂದು ಸಾಮಾನು ಬರಬೇಕು, ಗಾಡಿ ಇಲ್ಲೇ ಇರಲಿ ಎಂದು ಸುಳ್ಳು ಹೇಳಿ ಅವಳನ್ನು ಬಸ್ಸು ಹತ್ತಿಸಿದೆ. ಈ ಕಾಗದವನ್ನು ಗಾಳಿಯಣ್ಣ ಸಂಜೆ ತಂದುಕೊಡುತ್ತಾನೆ. ಊರಿಗೆಲ್ಲ ಕಾಗದ ಹಂಚುವವಳಿಗೆ ಟೈರ್ ಅಂಗಡಿಯವನ ಕೈಲಿ ಕಾಗದ!

ಗುರುವಾರ ಎಂದರೆ ಆಸ್ಪತ್ರೆ. ಅಷ್ಟು ಊಹಿಸಲು ನನಗೂ ಬರುತ್ತದೆ. ನಾನು ಬರುತ್ತೇನೆ. ಬರಬಹುದೇ ಎಂದು ಕೇಳುತ್ತಿದ್ದೇನೆ. ನೋಡು, ಬರುತ್ತೇನೆ ಎಂದು ಬರೆಯುವಾಗ ಇದ್ದ ಧೈರ್ಯ ಮುಂದಿನ ಸಾಲಿಗೇ ಇಲ್ಲ. ಅಲ್ಲಿ ನೀವು ಯಾರು ಎಂದು ಕೇಳಿದರೆ ನಾನು ಏನು ಹೇಳಲಿ? ಗಂಡ ಎನ್ನಲೇ, ಮೇಸ್ತ್ರಿ ಎನ್ನಲೇ? ನೀನು ಯಾವುದು ಹೇಳು ಅನ್ನುತ್ತೀಯೋ ಅದನ್ನೇ ಹೇಳುತ್ತೇನೆ. ಕಾರು ಬೇಕಾದರೆ ಗಾಳಿಯಣ್ಣನ ಭಾವನ ಕಾರು ತರುತ್ತೇನೆ. ಹೊರಗಿನ ಬೆಂಚಿನ ಮೇಲೆ ಕೂರು ಎಂದರೆ ಕೂರುತ್ತೇನೆ. ಬಾಯಿ ಮುಚ್ಚಿಕೊಂಡಿರು ಎಂದರೆ ಅದನ್ನೂ ಕಲಿಯುತ್ತೇನೆ.

ನನಗೆ ಹೆದರಿಕೆಯಾಗಿದೆ ಕಣೇ. ಗಾಡಿ ಒದ್ದರೆ ರಿಂಗ್ ಸಡಿಲಿಸಬಹುದು, ಕುಪ್ಪಳಿಸಿದರೆ ಗಟ್ಟಿ ಎಣ್ಣೆ ಹಾಕಬಹುದು. ನಿನಗೆ ನೋವಾದರೆ ಯಾವುದನ್ನು ತಿರುಗಿಸಬೇಕು ಎಂದು ನನಗೆ ಗೊತ್ತಿಲ್ಲ. ನಾನು ಮಾಡಬಲ್ಲದ್ದು ಒಂದೇ, ಅದನ್ನು ಮಾಡಿದ್ದೇನೆ. ಆ ಎಳಸು ಸ್ಪ್ರಿಂಗ್ ಕಿತ್ತು ಹಳೆಯ ಗಟ್ಟಿ ಸ್ಪ್ರಿಂಗನ್ನೇ ಹಾಕಿದ್ದೇನೆ, ಮುಂದಿನ ಕಾಲುಗಳಿಗೆ ಮೊದಲಿನ ಎಣ್ಣೆ. ಮಗಳ ಭಾರಕ್ಕೆ ಕೂರಿಸಿಲ್ಲ, ಕೂರಿಸುವುದೂ ಇಲ್ಲ. ಮುಂದೆ ನಾನು, ಹಿಂದೆ ನೀನು, ಇಬ್ಬರ ಭಾರಕ್ಕೆ ಕೂರಿಸಿದ್ದೇನೆ. ನಿಧಾನಕ್ಕೆ ಓಡಿಸುತ್ತೇನೆ. ಒಂದು ಹಳ್ಳವೂ ನಿನ್ನ ಬೆನ್ನಿಗೆ ತಾಗದ ಹಾಗೆ ನೋಡಿಕೊಳ್ಳುತ್ತೇನೆ. ಆಸ್ಪತ್ರೆಯ ಬಾಗಿಲವರೆಗೆ ಮಾತ್ರ ನನ್ನ ಕೈಲಾಗುವುದು, ಅಲ್ಲಿಂದಾಚೆಗೆ ಏನೂ ಇಲ್ಲ.

ಬೇಡ ಎಂದು ಮಾತ್ರ ಬರೆಯಬೇಡ.

ಇಂತಿ,
ನಿನ್ನ ಗಂಡ
(ಮೇಸ್ತ್ರಿ ಎಂದು ಓದಿಕೊಂಡರೂ ಸರಿ)

ತಾ.ಕ.: ಮಗಳನ್ನು ಬಸ್ಸು ಹತ್ತಿಸಿದೆ ಎಂದು ಬರೆದೆನಲ್ಲ, ಅದಕ್ಕೆ ಮುಂಚೆ ನಡೆದದ್ದನ್ನು ಬರೆಯಲು ಕೈ ಬರಲಿಲ್ಲ. ಅವಳನ್ನು ಬೈಯಬೇಡ, ಕೊಟ್ಟ ಮಾತು ಮುರಿಯಲಿಲ್ಲ, ಬಾಯಿಂದ ಒಂದಕ್ಷರ ಬರಲಿಲ್ಲ. ಇಬ್ಬರ ಭಾರಕ್ಕೆ ಕೂರಿಸಬೇಕಾದರೆ ಹಿಂದೆ ಕೂರುವವರ ಭಾರ ಗೊತ್ತಿರಬೇಕು. ಒಂದು ಗೋಣಿಚೀಲಕ್ಕೆ ಹಳೆಯ ಕಬ್ಬಿಣದ ಸಾಮಾನು ತುಂಬಿದೆ, ನೀನು ಇಷ್ಟಿರಬಹುದು ಎಂದು ನಾನು ಅಂದುಕೊಂಡಷ್ಟು. ಅಮ್ಮನಷ್ಟಾಯ್ತಾ ನೋಡು ಎಂದೆ. ಅವಳು ಒಂದು ಕೈ ಬುಡಕ್ಕೆ ಕೊಟ್ಟು, ಇನ್ನೊಂದನ್ನು ಮಲಗಿದವರ ಬೆನ್ನಿಗೆ ಕೊಡುವ ಹಾಗೆ ಕೊಟ್ಟು ಚೀಲ ಎತ್ತಿದಳು. ನಿನ್ನನ್ನು ಹಾಸಿಗೆಯಿಂದ ಎತ್ತಿ ಕೂರಿಸುವುದು ಅವಳೇ ಎಂದು ಆಗಲೇ ಗೊತ್ತಾಯಿತು. ಕೆಳಗಿಟ್ಟು ಒಂದು ತುಂಡು ತೆಗೆದಳು. ಎತ್ತಿದಳು, ಇನ್ನೊಂದು ತೆಗೆದಳು. ಸಾಕಲ್ವೇನೇ ಎಂದೆ. ತಲೆ ಅಲ್ಲಾಡಿಸಿ ಮತ್ತೆ ತೆಗೆದಳು. ತೆಗೆಯುತ್ತಲೇ ಹೋದಳು. ಕೊನೆಗೆ ಹೂಂ ಎಂದು ಚೀಲ ನನ್ನ ಕಡೆ ತಳ್ಳಿದಳು. ಸೀಟಿಗೆ ಕಟ್ಟೋಣ ಎಂದು ನಾನು ಬಗ್ಗಿ ಹಿಡಿದೆ. ಒಂದೇ ಕೈಗೆ ಎದ್ದು ಬಂದುಬಿಟ್ಟಿತು ಕಣೇ.