ನೀಲಿ ಹೊಗೆ ಕಂಡ ದಿನವೇ

ಹರಿಹರ, ಹೊಳೆದಂಡೆ ಕೇರಿ
ಕಡುಬೇಸಗೆಯ ಎರಡನೆಯ ತಿಂಗಳು, ನಲವತ್ತೊಂದನೆಯ ದಿನ, ೨೨೧೪

ಏಳು ತಲೆ ಹಿಂದಿನ ವನಮಾಲ ಅಜ್ಜಿಯವರಿಗೆ ಸಿರಿಗೌರಿಯ ನಮಸ್ಕಾರ.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ಬೇಸಗೆ ಉದ್ದವಾಗುತ್ತಾ ಹೋದಾಗ ನಮ್ಮ ಹಿರಿಯರು ತಿಂಗಳುಗಳನ್ನೂ ಎಳೆದು ಉದ್ದ ಮಾಡಿದರು. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಮಾತುಗಳೂ ನಮಗೆ ಹಾಗೆಯೇ; 'ಪೆಟ್ರೋಲ್ ಬಂಕ್' ಎಂದರೇನು ಎಂದು ಕಾಲೇಜಿನಲ್ಲಿ ಒಂದು ಇಡೀ ಪಾಠ ಓದಿದ್ದೇನೆ. ಈ ಓಲೆ ತಲುಪುವ ಹೊತ್ತಿಗೆ ನೀವು ನನಗಿಂತ ಚಿಕ್ಕವರೇ ಇರಬಹುದು. ಆದರೂ ಅಜ್ಜಿ ಎಂದೇ ಕರೆಯುತ್ತೇನೆ, ಬೇರೆ ಹೆಸರು ಬಾಯಿಗೆ ಬರುವುದಿಲ್ಲ.

ಇದನ್ನು ನಾವು ಹಿಂದೋಲೆ ಎನ್ನುತ್ತೇವೆ. ಮನೆಯಲ್ಲಿ ಮಗು ಹುಟ್ಟಿದ ವರ್ಷ ತಾಯಿಯಾದವಳು ತನ್ನ ಹಿಂದಿನವರಲ್ಲಿ ಒಬ್ಬರಿಗೆ ಓಲೆ ಬರೆಯಬೇಕು. ಯಾರ ವಸ್ತು ಮನೆಯಲ್ಲಿ ಇನ್ನೂ ಉಳಿದಿದೆಯೋ ಅವರಿಗೇ ಬರೆಯಬೇಕು, ಒಂದೇ ಒಂದು ಬೇಡಿಕೆ ಇಡಬೇಕು, ಕಳಿಸುವ ಮುಂಚೆ ಕೇರಿಯವರೆಲ್ಲರ ಎದುರು ಗಟ್ಟಿಯಾಗಿ ಓದಬೇಕು. ಪಕ್ಕದ ಮನೆಯವರು ಅವರ ಪೂರ್ವಿಕರ ತಾಮ್ರದ ಹಂಡೆಯ ನೆಪದಲ್ಲಿ ಬರೆದರು, ಎದುರುಮನೆಯವರು ಹೊಲಿಗೆ ಯಂತ್ರದ ನೆಪದಲ್ಲಿ. ನಮ್ಮ ಮನೆಯಲ್ಲಿ ಉಳಿದಿರುವುದು ನಿಮ್ಮ ಬೈಕು.

ಹೌದು, ಅದೇ. ಓಲೆ ತಲುಪುವಾಗ ನೀವದನ್ನು ಇನ್ನೂ ಕೊಂಡಿರದಿದ್ದರೆ, ಗುರುತಿಗೆ ಹೇಳುತ್ತೇನೆ. ಇನ್ನೊಬ್ಬರು ಓಡಿಸಿ ಬಿಟ್ಟದ್ದನ್ನು ನೀವು ಕೊಂಡ, ಹಿಂದಕ್ಕೆ ಒರಗಿ ಕೂರುವ, ಮುಂದಕ್ಕೆ ಕಾಲು ಚಾಚುವ, ದೊಡ್ಡ ಗಾಡಿಯ ಠೀವಿಯೂ ಸಣ್ಣ ಎಂಜಿನ್ನೂ ಇರುವ ಕ್ರೂಸರ್. ನೀವು ಕುಳ್ಳಗಿದ್ದಿರಂತೆ, ಬೇರೆ ಯಾವ ಬೈಕಿನ ಮೇಲೆ ಕೂತರೂ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲವಂತೆ, ಇದರ ಸೀಟು ತಗ್ಗಾಗಿದ್ದರಿಂದ ಕೂತ ಗಳಿಗೆಯಲ್ಲೇ ಒಪ್ಪಿಬಿಟ್ಟಿರಂತೆ. ಮೊದಲ ಮಾಲೀಕ ಟ್ಯಾಂಕಿನ ಮೇಲೆ ಅಂಟಿಸಿದ್ದ ಸ್ಟಿಕರ್ ಇನ್ನೂ ಅರ್ಧ ಇದೆ. ಒಂದು ರೆಕ್ಕೆ ಕಿತ್ತುಹೋಗಿರುವುದರಿಂದ ಅದು ಹದ್ದೋ ಹುಂಜವೋ ಎಂಬ ವಾದ ಮನೆಯಲ್ಲಿ ಮುಗಿದಿಲ್ಲ.

ಗಾಡಿ ಈಗ ಓಡುವುದಿಲ್ಲ. ಹಿತ್ತಲಲ್ಲಿ ಕಲ್ಲುಗಳ ಮೇಲೆ ನಿಂತಿದೆ, ಆದರೆ ಎಂಜಿನ್ ಜೀವಂತವಾಗಿದೆ. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಇಂಥ ಹಳೆಯ ಯಂತ್ರಗಳಿಗೆ ಉಸಿರು ಕೊಡಬಹುದೆಂದು ಒಪ್ಪಿಗೆ ಇದೆ. ಜೋಳದ ದಂಟಿನಿಂದ ಇಳಿಸಿದ ಸ್ಪಿರಿಟ್ ಹಾಕುತ್ತೇವೆ. ಕಾರ್ಬ್ಯುರೇಟರ್ ಬಿಚ್ಚಿ ಅದರ ಸಣ್ಣ ತೂತುಗಳನ್ನು ಕುದುರೆಬಾಲದ ಕೂದಲಿನಿಂದ ಬಿಡಿಸುತ್ತೇವೆ, ಪ್ಲಗ್ಗನ್ನು ಉಪ್ಪುಕಾಗದದಲ್ಲಿ ಉಜ್ಜುತ್ತೇವೆ, ಸೂರಿನ ಮೇಲಿನ ಬಿಸಿಲುಹಲಗೆಯಿಂದ ತಂತಿ ಎಳೆದು ಸೆಲ್ಫ್ ಒತ್ತುತ್ತೇವೆ. ಚೋಕ್ ಎಳೆದು, ಸದ್ದು ಕುದುರುವವರೆಗೆ ಕಾದು, ಮೆಲ್ಲಗೆ ಒಳಕ್ಕೆ ತಳ್ಳಬೇಕು. ಇದೆಲ್ಲ ತಾಯಿಯಿಂದ ಮಗಳಿಗೆ ಬಾಯಿಪಾಠವಾಗಿ ಬಂದಿದೆ. ಆ ಪಾಠದ ಕೊನೆಯಲ್ಲಿ ನಿಮ್ಮದೇ ಎಂದು ಹೇಳುವ ಒಂದು ಮಾತಿದೆ: 'ನೀಲಿ ಹೊಗೆ ಬಂದ್ರೆ ಹೆದರಬ್ಯಾಡ, ಮೇಲೆ ಒಂದಿಷ್ಟು ಆಯಿಲ್ ಸುರಿ, ನಡೀತೈತೆ.' ಏಳು ತಲೆ ಹೆಣ್ಣುಮಕ್ಕಳು ಅದನ್ನು ಮಂತ್ರದ ಹಾಗೆ ಪಾಲಿಸಿದ್ದೇವೆ. ಆಯಿಲ್ ಸಿಗದ ಮೇಲೆ ಹರಳೆಣ್ಣೆ ಸುರಿದೆವು.

ಒಬ್ಬರ ಮನೆಯಲ್ಲಿ ಎಂಜಿನ್ ಶುರು ಮಾಡುವುದಾದರೆ ಅವರು ಮೊದಲು ಹೊಗೆ ಹೇಳಿ ಬರಬೇಕು. ಅಂದರೆ ಮನೆಮನೆಯ ಬಾಗಿಲಲ್ಲಿ ನಿಂತು 'ನಮ್ಮಲ್ಲಿ ಹೊಗೆ ಏಳುತ್ತದೆ, ಕ್ಷಮಿಸಿ' ಎನ್ನಬೇಕು. ಒಳಗಿನವರು 'ಆಗಲಿ' ಎನ್ನುತ್ತಾರೆ, ಒಣಹಾಕಿದ ಬಟ್ಟೆ ತೆಗೆದುಕೊಳ್ಳುತ್ತಾರೆ, ಕಿಟಕಿ ಹಾಕಿಕೊಳ್ಳುತ್ತಾರೆ. ವರ್ಷಕ್ಕೊಮ್ಮೆಯಾದರೆ ಅದೊಂದು ಹಬ್ಬದ ತಮಾಷೆ. ಮಕ್ಕಳು ನಿಮ್ಮ ಬೈಕಿಗೆ ಕೆಮ್ಮುಗುದುರೆ ಎಂದು ಹೆಸರಿಟ್ಟು ಅದರ ಸುತ್ತ ಕುಣಿಯುತ್ತಾರೆ.

ನನ್ನ ಮಗಳು ತುಂಗೆ ಹುಟ್ಟಿದಾಗಿನಿಂದ ಮಲಗಿದವಳಲ್ಲ. ನಾವು ಬಿಸಿಲು ತಾಳಲಾರದೆ ಹಗಲು ಮಲಗಿ ಇರುಳು ದುಡಿಯುವ ಜನ. ನಡುಹಗಲಲ್ಲಿ ಊರಿಗೆ ಊರೇ ನಿದ್ದೆಯಲ್ಲಿ ಬಿದ್ದಿರುವಾಗ ಇವಳೊಬ್ಬಳೇ ಕಿರುಚುತ್ತಾಳೆ. ಕಳೆದ ಆಯುಧಪೂಜೆಯ ದಿನ ನಿಮ್ಮ ಬೈಕು ಡುಬುಡುಬು ಎಂದು ಶುರುವಾದದ್ದೇ ತಡ, ನನ್ನ ಹೆಗಲ ಮೇಲೆ ಕತ್ತು ವಾಲಿಸಿ ಮಲಗಿಬಿಟ್ಟಳು. ನಮ್ಮ ಕಾಲದ ಗಾಡಿಗಳಿಗೆ ಸದ್ದೇ ಇಲ್ಲ. ಅವಳಿಗೆ ಬೇಕಾಗಿದ್ದ ಸದ್ದು ನಿಮ್ಮ ಕಾಲದಲ್ಲಿತ್ತು. ಮಾರನೆಯ ದಿನ ಮತ್ತೆ ಕಿರುಚಿದಾಗ, ಒಪ್ಪಿಗೆ ಇರುವುದು ಒಂದೇ ದಿನಕ್ಕೆಂದು ಗೊತ್ತಿದ್ದೂ, ನಾನು ಮತ್ತೆ ಹೊಗೆ ಹೇಳಲು ಹೊರಟೆ. ಅದರ ಮಾರನೆಯ ದಿನವೂ. ನನ್ನ ಗಂಡ ಬಸವಂತ 'ನಿಂಗೂ ಅದರಿಂದ ನಿದ್ದೆ ಬರತೈತೇನು ನೋಡು' ಎಂದು ನಕ್ಕರು. ಬರಲಿಲ್ಲ. ಎಕ್ಸಲರೇಟರ್ ಬಿಟ್ಟರೆ ಎಂಜಿನ್ ನಿಂತುಹೋಗುತ್ತದೆ. ಒಂದು ಕೈಯಲ್ಲಿ ಅದನ್ನು ಹಿಡಿದು, ಇನ್ನೊಂದು ಕೈಯ ಬೆರಳನ್ನು ಕಿಟಕಿಯೊಳಗಿನ ತೊಟ್ಟಿಲಲ್ಲಿ ಮಗುವಿನ ಮೂಗಿನ ಕೆಳಗಿಟ್ಟು, ಉಸಿರು ಆಡುತ್ತಿದೆಯೇ ಎಂದು ನೋಡುತ್ತಾ ಕೂರುತ್ತೇನೆ.

ಅಜ್ಜಿ, ನಾಚಿಕೆಯ ವಿಷಯಕ್ಕೆ ಬರುತ್ತೇನೆ. ಹಳೆಯ ಯಂತ್ರಗಳ ರಸಾಯನವನ್ನು ಓದಿದವಳು ನಾನು, ಆ ಹೊಗೆಯಲ್ಲಿ ಏನಿದೆಯೆಂದು ಬಲ್ಲೆ. ಬಲ್ಲೆನಾದ್ದರಿಂದಲೇ ಸೈಲೆನ್ಸರಿಗೆ ಮಣ್ಣಿನ ಕೊಳವೆ ಜೋಡಿಸಿ, ಹೊಗೆ ನನ್ನ ಮಗುವಿನ ಕಡೆ ಬಾರದಂತೆ ಪಡುವಣ ಗೋಡೆಯ ಆಚೆಗೆ ತಿರುಗಿಸಿದೆ. ಪಡುವಣ ಗೋಡೆಯ ಆಚೆಗಿರುವುದು ಕೊಟ್ರಮ್ಮನವರ ಮನೆ. ಅವರಿಗೆ ಎಂಬತ್ತರ ಮೇಲಾಗಿದೆ, ಗೂರಲು ಇದೆ. ಗೋಡೆಯಾಚೆ ಅವರು ಕೆಮ್ಮುವುದು ಎಂಜಿನ್ ಸದ್ದಿನಲ್ಲಿ ನನಗೆ ಕೇಳುತ್ತಿರಲಿಲ್ಲ. ಕೇಳದಿರಲಿ ಎಂದು ಎಕ್ಸಲರೇಟರನ್ನು ಒಂದಿಷ್ಟು ಹೆಚ್ಚೇ ತಿರುಗಿಸುತ್ತಿದ್ದೆನೋ ಏನೋ.

ದಿನವೂ ಅವರ ಬಾಗಿಲಿಗೆ ಹೋಗುತ್ತಿದ್ದೆ. ಅವರು ದಿನವೂ ಆಗಲಿ ಎನ್ನುತ್ತಿದ್ದರು. ರೂಢಿಯಲ್ಲಿ ಬೇರೆ ಉತ್ತರವೇ ಇಲ್ಲವೆಂಬುದು ನನಗೆ ಹೊಳೆಯಲಿಲ್ಲ. ವರ್ಷಕ್ಕೊಮ್ಮೆ ಕೇಳುವ ಮಾತಿಗೆ ಬೇಡ ಎನ್ನುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ. ಕಳೆದ ವಾರ ಒಂದು ದಿನ ಅವರು ಬಾಗಿಲ ಚೌಕಟ್ಟು ಹಿಡಿದು ನಿಂತು, 'ಬಂದ್ಲು ನೋಡು ಹೊಗೆರಾಣಿ. ಆಗಲಿ ಕಣವ್ವ, ಆಗಲಿ. ನನ್ನ ಉಸಿರು ಏನು, ಇವತ್ತೋ ನಾಳೆನೋ. ನೀನು ಹಿಂದೋಲೆ ಬರೀಬೇಕಲ್ಲ, ಆ ನಿನ್ನ ಅಜ್ಜಿಗೆ ಒಂದೇ ಮಾತು ಬರಿ, ಆ ಗಾಡಿ ಕೊಳ್ಳಬ್ಯಾಡ ಅಂತ' ಎಂದರು. ಹೇಳಿ ಮುಗಿಸುವುದರೊಳಗೆ ಮೂರು ಸಲ ಕೂತು ಎದ್ದರು.

ಅಂದಿನಿಂದ ಎಂಜಿನ್ ಮುಟ್ಟಿಲ್ಲ. ಅಂದಿನಿಂದ ತುಂಗೆಯೂ ಮಲಗಿಲ್ಲ, ನಾನೂ ಮಲಗಿಲ್ಲ. ಅಕ್ಷರಗಳು ಓರೆಯಾಗಿರುವುದು ಅದಕ್ಕೇ. ನಿನ್ನೆ ನಡುಹಗಲಲ್ಲಿ ಕೊಟ್ರಮ್ಮನವರು ಒದ್ದೆ ಸೀರೆಯ ತುದಿಯನ್ನು ತಲೆಗೆ ಹೊದ್ದು, ಯಾರೂ ಹೊರಗೆ ಕಾಲಿಡದ ಆ ಬಿಸಿಲಿನಲ್ಲಿ ನಮ್ಮ ಹಿತ್ತಲಿಗೆ ಬಂದರು. 'ಏನೇ, ಕೂಸು ಗಂಟಲು ಹರಕೊಂಡು ಅಳ್ತೈತೆ, ಯಾಕೆ ಶುರು ಮಾಡಿಲ್ಲ? ಹೊಗೆ ಹೇಳಾಕೂ ಬರಲಿಲ್ಲ? ನೀನು ಶುರು ಮಾಡು, ನಾನು ಹೊಳೆ ಕಡೆ ಹೋಗಿ ಮರದ ಬುಡದಾಗೆ ಕೂತಿರ್ತೀನಿ' ಎಂದರು. ಹೊಳೆದಂಡೆಯಲ್ಲಿ ಮರವಿಲ್ಲ. ಅದು ನನಗೂ ಗೊತ್ತು, ಅವರಿಗೂ ಗೊತ್ತು. ಅವರನ್ನು ಕೈಹಿಡಿದು ಒಳಗೆ ಕೂರಿಸಿ ನೀರು ಕೊಟ್ಟೆ. ನೀರು ಕುಡಿದು, 'ಓಲೆಯಾಗೆ ಮಾತ್ರ ನಾನು ಹೇಳಿದ್ದೇ ಬರಿ. ಅದರಾಗೆ ದಾಕ್ಷಿಣ್ಯ ಇಲ್ಲ' ಎಂದರು.

ಬರೆಯಬೇಕೆಂದೇ ಕೂತೆ. ಕೊಳ್ಳಬೇಡಿ ಎಂದು ಬರೆದು ಎರಡು ಸಲ ಹೊಡೆದುಹಾಕಿದೆ. ನನ್ನ ಮಗಳು ನಿದ್ದೆ ಮಾಡಿದ ಅಷ್ಟೂ ಹಗಲುಗಳು ಆ ಗಾಡಿಯವು, ಅವನ್ನು ನನ್ನ ಕೈಯಾರೆ ಅಳಿಸಲಾರೆ. ಹಾಗೆಂದು ಸುಮ್ಮನಿರಲೂ ಆರೆ. ನಾಳೆ ಇದನ್ನು ಓದುವಾಗ ಕೊಟ್ರಮ್ಮನವರು ಮುಂದಿನ ಸಾಲಿನಲ್ಲೇ ಕೂತಿರುತ್ತಾರೆ.

ಆದ್ದರಿಂದ ನನ್ನ ಒಂದೇ ಬೇಡಿಕೆ ಇದು. ಸ್ಪಿರಿಟ್ ಉರಿದರೆ ನೀಲಿ ಹೊಗೆ ಬರುವುದಿಲ್ಲ, ಅಜ್ಜಿ. ಅದು ಆಯಿಲ್ ಉರಿಯುವ ಬಣ್ಣ. ಕಪ್ಪಾದ ಹಳೆಯ ಆಯಿಲನ್ನು ತೆಗೆಯದೆ ಅದರ ಮೇಲೆಯೇ ಸುರಿದು ಓಡಿಸಿದರೆ ಪಿಸ್ಟನ್ನಿನ ರಿಂಗುಗಳು ಸವೆಯುತ್ತವೆ, ಸವೆದ ಸಂದಿನಿಂದ ಆಯಿಲ್ ಮೇಲೇರಿ ಉರಿಯುತ್ತದೆ. ಕೊಟ್ರಮ್ಮನವರ ಎದೆ ಕಟ್ಟುತ್ತಿರುವುದು ಆ ಹೊಗೆಯಿಂದಲೇ. ಆ ರಿಂಗು ಮಾಡುವವರು ನಮ್ಮ ಕಾಲದಲ್ಲಿ ಯಾರೂ ಇಲ್ಲ. ನಿಮ್ಮ ಊರಿನ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಅವು ಪೊಟ್ಟಣದಲ್ಲಿ ಸಿಗುತ್ತಿದ್ದವು. ಗಾಡಿ ಕೊಳ್ಳಿ, ಕಾಲು ಚಾಚಿ ಓಡಿಸಿ, ನಿಮ್ಮ ಖುಷಿಯನ್ನು ಕಸಿಯಲಾರೆ. ನೀಲಿ ಹೊಗೆ ಕಂಡ ದಿನವೇ ಎಂಜಿನ್ ಬಿಚ್ಚಿಸಿ ರಿಂಗು ಹಾಕಿಸಿ. ನಡೀತೈತೆ ಎನ್ನಬೇಡಿ. ನೀವು ಹಾಗೆಂದದ್ದನ್ನೇ ನಾವು ಏಳು ತಲೆ ನಡೆಸಿಕೊಂಡು ಬಂದೆವು.

ಕೊಳವೆಯನ್ನು ಇವತ್ತು ಕಿತ್ತುಹಾಕಿದೆ. ಇನ್ನು ಹೊಗೆ ಎಲ್ಲಿ ಏಳುತ್ತದೋ ಅಲ್ಲೇ ಇರಲಿ, ನಮ್ಮ ಹಿತ್ತಲಲ್ಲಿ.

ನೀವು ಉತ್ತರ ಬರೆಯುವ ಹಾಗಿಲ್ಲವೆಂದು ಬಲ್ಲೆ. ಮುಂದಿನ ಆಯುಧಪೂಜೆಗೆ ಎಲ್ಲರ ಜೊತೆ ನಾನೂ ವರ್ಷಕ್ಕೊಮ್ಮೆಯ ಹೊಗೆ ಹೇಳಿ ಬಂದು, ಚೋಕ್ ಎಳೆದು ಶುರು ಮಾಡುತ್ತೇನೆ. ಆಮೇಲೆ ಎಕ್ಸಲರೇಟರನ್ನು ಆದಷ್ಟು ಇಳಿಸಿ, ಪಡುವಣ ಗೋಡೆಗೆ ಕಿವಿಗೊಟ್ಟು ಕೂರುತ್ತೇನೆ.

ನಿಮ್ಮ
ಸಿರಿಗೌರಿ